ಹಳ್ಳದಾಚೆಯ ಆರು ವರ್ಷ

1998ನೇ ಇಸವಿ. ಚಿಕ್ಕೋಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಸಂಬಳ ಬರುತ್ತಿದ್ದುದು ಪಾಠ ಹೇಳಿದ್ದಕ್ಕೆ. ಆದರೆ ಸುತ್ತಲಿನ ತಾಲ್ಲೂಕುಗಳಲ್ಲಿ ನನ್ನ ಹೆಸರು ಓಡಾಡುತ್ತಿದ್ದುದು ಬೇರೊಂದು ಕೆಲಸಕ್ಕೆ. ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಯಾವ ವಿಭಾಗದಲ್ಲಿ ಸೀಟು ಸಿಗಬಹುದು ಎಂದು ಅಂದಾಜು ಹೇಳುವ ಕೆಲಸ ಅದು. ಯಾರೂ ನನ್ನನ್ನು ಅದಕ್ಕೆ ನೇಮಿಸಿರಲಿಲ್ಲ. ಎಂದೋ ಒಮ್ಮೆ ಒಬ್ಬರಿಗೆ ಹೇಳಿದ್ದು ಹಾಗೆಯೇ ಆಯಿತು. ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ಎಂಬತ್ತರ ದಶಕದಲ್ಲಿ ಈ ಕೆಲಸ ಸುಲಭವಿತ್ತು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಕೂಡಿಸಿದರೆ ಮುಗಿಯಿತು. ಮುಂದೆ ಸಿಇಟಿ ಬಂತು, ಅಂದರೆ ವೃತ್ತಿ ಕಾಲೇಜುಗಳಿಗೆಲ್ಲ ಸೇರಿ ಇಡೀ ರಾಜ್ಯಕ್ಕೆ ಒಂದೇ ಪ್ರವೇಶ ಪರೀಕ್ಷೆ. ಅದರಲ್ಲಿ ಬಂದ ಸ್ಥಾನಕ್ಕೆ ರ‍್ಯಾಂಕ್ ಎನ್ನುತ್ತಿದ್ದರು. ರ‍್ಯಾಂಕಿನ ಸರದಿಯಂತೆ ಬೆಂಗಳೂರಿಗೆ ಕರೆಸಿ, ಕಾಗದಪತ್ರ ಪರೀಕ್ಷಿಸಿ, ಉಳಿದ ಸೀಟುಗಳಲ್ಲಿ ಬೇಕಾದದ್ದನ್ನು ಆರಿಸಿಕೊಳ್ಳಲು ಬಿಡುತ್ತಿದ್ದರು. ಅದಕ್ಕೆ ಕೌನ್ಸೆಲಿಂಗ್ ಎಂದು ಹೆಸರು. ಸರ್ಕಾರಿ ಶುಲ್ಕದ ಫ್ರೀ ಸೀಟು ಬೇರೆ, ಹೆಚ್ಚು ಶುಲ್ಕದ ಪೇಮೆಂಟ್ ಸೀಟು ಬೇರೆ. ಇಷ್ಟನ್ನು ಒಂದು ಮನೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ಎರಡು ಸಲ ಚಹಾ ಆಗುತ್ತಿತ್ತು.

ಪ್ರತಿ ವರ್ಷ ಕೌನ್ಸೆಲಿಂಗ್ ಮುಗಿಸಿ ಬಂದ ನಮ್ಮ ಭಾಗದ ವಿದ್ಯಾರ್ಥಿಗಳನ್ನು ಹಿಡಿದು ಕೂರಿಸಿ, ಅವರ ರ‍್ಯಾಂಕ್ ಎಷ್ಟು, ಮೀಸಲಾತಿ ಯಾವುದು, ಸಿಕ್ಕ ಕಾಲೇಜು ಯಾವುದು ಎಂದು ಬರೆದುಕೊಳ್ಳುತ್ತಿದ್ದೆ. ಮರುವರ್ಷ ಯಾರಾದರೂ ಬಂದರೆ ಅದನ್ನು ನೋಡಿ ನೂರಕ್ಕೆ ಇಷ್ಟು ಸಾಧ್ಯತೆ ಎಂದು ಹೇಳುತ್ತಿದ್ದೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು ಕಾರಿನಲ್ಲಿ ಬರುತ್ತಿದ್ದರು. ರಾಯಬಾಗ, ಕಾಗವಾಡದ ಕಬ್ಬಿನವರು ಸಂತೆಯ ದಿನ ಬರುತ್ತಿದ್ದರು, ಸಂತೆಯೂ ಆದಂತಾಯಿತು, ಸರ್ ಮನೆಯೂ ಆದಂತಾಯಿತು ಎಂದು. ಹದಿನೆಂಟು ಸಾವಿರದ ರ‍್ಯಾಂಕ್ ತಂದು ಕಂಪ್ಯೂಟರ್ ಸೈನ್ಸ್ ಬೇಕು ಎನ್ನುವವರು, ಮಗನ ಅಂಕಪಟ್ಟಿಯ ಬದಲು ಜಾತಕ ತೋರಿಸುವವರು, ಬೇಡವೆಂದರೂ ದ್ರಾಕ್ಷಿಯ ಬುಟ್ಟಿ ಇಟ್ಟು ಹೋಗುವವರು, ಎಲ್ಲರನ್ನೂ ನೋಡಿದೆ. ಜೂನ್ ತಿಂಗಳು ಬಂತೆಂದರೆ ನನ್ನ ಹೆಂಡತಿ ತವರಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ದಣಿವಾಗಿತ್ತು. ಆದರೆ ಆ ದಣಿವಿನೊಳಗೆ ಒಂದು ಸೊಕ್ಕೂ ಇತ್ತು. ಅಂದಾಜು ತಪ್ಪದವನು ಎಂಬ ಸೊಕ್ಕು.

ಆ ವರ್ಷ ನಮ್ಮ ಕಾಲೇಜಿನ ಎರಡನೇ ಪಿಯುಸಿಯಲ್ಲಿ ಸುನಂದಾ ಚೌಗುಲೆ ಎಂಬ ಹುಡುಗಿ ಇದ್ದಳು. ಅಥಣಿ ತಾಲ್ಲೂಕಿನ ಅನಂತಪುರದ ಆಚೆ ಅವರ ದ್ರಾಕ್ಷಿ ತೋಟ. ಮನೆಯೂ ತೋಟದಲ್ಲಿಯೇ. ತಂದೆ ಬಾಬಾಸಾಬ ಚೌಗುಲೆ, ಮಾತು ಕಡಿಮೆಯ ಜೈನ ರೈತ. ಹುಡುಗಿ ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತರಗತಿಯಲ್ಲಿ ತಾನಾಗಿ ಬಾಯಿ ಬಿಡುವವಳಲ್ಲ. ಒಂದು ದಿನ ಪ್ರಯೋಗಾಲಯದಲ್ಲಿ ಕೆಟ್ಟು ಕೂತಿದ್ದ ಮೋಟರೊಂದನ್ನು ಅಟೆಂಡರ್ ಒದರಿಕೊಂಡು ಬಿಚ್ಚುತ್ತಿದ್ದಾಗ, ಇವಳು ಬಗ್ಗಿ ನೋಡಿ ಕೆಪಾಸಿಟರ್ ಹೋಗಿದೆ ಎಂದಳು. ಹೋಗಿತ್ತು. ಎಲ್ಲಿ ಕಲಿತೆ ಎಂದು ಕೇಳಿದರೆ, ತೋಟದ ಪಂಪಿನ ಸ್ಟಾರ್ಟರ್ ವಾರಕ್ಕೊಮ್ಮೆ ಕೆಡುತ್ತದೆ, ರಿಪೇರಿಯವನು ಅಥಣಿಯಿಂದ ಬರುವಷ್ಟರಲ್ಲಿ ಬಳ್ಳಿ ಒಣಗುತ್ತದೆ, ಅದಕ್ಕೆ ತಾನೇ ಕಲಿತೆ ಎಂದಳು. ಅವಳಿಗೆ ಬೇಕಾಗಿದ್ದುದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಅದೂ ಸರ್ಕಾರಿ ಕಾಲೇಜಿನಲ್ಲಿ. ಬೇರೆ ಯಾವುದರ ಮಾತನ್ನೂ ಅವಳು ಎತ್ತಲಿಲ್ಲ.

ಸಿಇಟಿಯ ಅರ್ಜಿ ತುಂಬಿಸುವ ದಿನ ನಾನು ಬೆಳಿಗ್ಗೆಯಿಂದ ಮೂವತ್ತಕ್ಕೂ ಹೆಚ್ಚು ಮಕ್ಕಳ ಅರ್ಜಿ ನೋಡಿದ್ದೆ. ಒಂದು ಕಾಲಮಿನಲ್ಲಿ ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದೀರಿ ಎಂದು ಬರೆಯಬೇಕಿತ್ತು. ಒಂದನೇ ಇಯತ್ತೆಯಿಂದ, ಅಂದರೆ ಒಂದನೇ ತರಗತಿಯಿಂದ, ಪಿಯುಸಿಯವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ವರ್ಷವಾದರೂ ಈ ರಾಜ್ಯದ ಶಾಲೆಗಳಲ್ಲಿ ಓದಿರಬೇಕು ಎಂಬುದು ನಿಯಮ. ಹೊರಗಿನವರು ಬಂದು ಇಲ್ಲಿಯ ಸೀಟು ಹಿಡಿಯಬಾರದೆಂದು ಮಾಡಿದ ನಿಯಮ ಅದು. ಆ ಕಾಲಮಿನ ಹತ್ತಿರ ಸುನಂದಾಳ ಪೆನ್ನು ನಿಂತಿತು.

"ಸರ್, ನಾ ಆರನೇತ್ತೆತನಾ ಕಲ್ತ ಸಾಲಿ ಹಳ್ಳದ ಆಕಡೆ ಐತ್ರಿ," ಎಂದಳು.

"ಹಳ್ಳ ಯಾಕಡೆ ಇದ್ರೇನವಾ, ಕನ್ನಡ ಸಾಲಿ ಹೌದಲ್ಲ?"

ಹೌದ್ರಿ ಎಂದಳು. ನಾನು ಅರ್ಜಿಯನ್ನು ನನ್ನ ಕಡೆ ಎಳೆದುಕೊಂಡು ಹನ್ನೆರಡು ಎಂದು ಬರೆದೆ. ನನ್ನ ಕೈಯಿಂದಲೇ ಬರೆದೆ. ಕೆಳಗೆ ಪರಿಶೀಲಿಸಿದ್ದೇನೆ ಎಂದು ಸಹಿಯನ್ನೂ ಹಾಕಿದೆ. ಈ ಕಥೆಯಲ್ಲಿ ತಪ್ಪು ಎಂಬುದು ಇದ್ದರೆ ಅದು ಇಷ್ಟೇ, ಮತ್ತು ಅದು ನನ್ನದು.

ನಮ್ಮ ಕಡೆಯವರಲ್ಲದವರಿಗೆ ಇದು ವಿಚಿತ್ರವೆನಿಸಬಹುದು. ಅಥಣಿಯ ಉತ್ತರಕ್ಕೆ ಹಳ್ಳ ದಾಟಿದರೆ ಜತ್ತ ತಾಲ್ಲೂಕು, ಅದು ಮಹಾರಾಷ್ಟ್ರ. ಅಲ್ಲಿ ಕನ್ನಡ ಮಾತಾಡುವ ಹಳ್ಳಿಗಳಿವೆ, ಕನ್ನಡ ಶಾಲೆಗಳಿವೆ. ಇತ್ತ ಚಿಕ್ಕೋಡಿ, ನಿಪ್ಪಾಣಿಯಲ್ಲಿ ಮರಾಠಿ ಶಾಲೆಗಳಿವೆ. ಶಾಲೆಯ ಮೊಹರಿನ ಲಿಪಿ ನೋಡಿ ರಾಜ್ಯ ಯಾವುದೆಂದು ಹೇಳಲು ಬರುವುದಿಲ್ಲ. ತೋಟದಲ್ಲಿ ಮನೆ ಮಾಡಿಕೊಂಡವರು ಯಾವ ಶಾಲೆ ಹತ್ತಿರವೋ ಅಲ್ಲಿಗೆ ಮಕ್ಕಳನ್ನು ಕಳಿಸುತ್ತಾರೆ. ಮಗು ಬೆಳಿಗ್ಗೆ ಪಾಟಿ ಹಿಡಿದು ಹಳ್ಳದ ಕಲ್ಲು ದಾಟಿ ಹೋಗಿ ಸಂಜೆಗೆ ಮರಳಿ ಬರುತ್ತದೆ. ಅದು ಪರರಾಜ್ಯಕ್ಕೆ ಹೋಗಿ ಬಂತು ಎಂದು ಯಾರ ಮನಸ್ಸಿನಲ್ಲೂ ಬರುವುದಿಲ್ಲ. ನನ್ನ ಮನಸ್ಸಿನಲ್ಲೂ ಬರಲಿಲ್ಲ. ಕನ್ನಡ ಶಾಲೆ ಎಂದರೆ ಕರ್ನಾಟಕದ ಶಾಲೆ ಎಂದು ನಾನು, ಹದಿನೆಂಟು ವರ್ಷ ಗಡಿಯಲ್ಲಿ ಪಾಠ ಹೇಳಿದವನು, ಎರಡು ಸೆಕೆಂಡಿನಲ್ಲಿ ತೀರ್ಮಾನಿಸಿಬಿಟ್ಟೆ.

ಜೂನಿನಲ್ಲಿ ಫಲಿತಾಂಶ ಬಂತು. ಸುನಂದಾಳ ರ‍್ಯಾಂಕ್ 1,312. ಅಲ್ಲಿಯವರೆಗೆ ನಮ್ಮ ಕಾಲೇಜಿನ ಯಾವ ಹುಡುಗಿಗೂ ಅಷ್ಟು ಮೇಲಿನ ರ‍್ಯಾಂಕ್ ಬಂದಿರಲಿಲ್ಲ. ಹಿಂದಿನ ವರ್ಷ ಅವಳು ಬಯಸಿದ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗ ನಮ್ಮ ಹುಡುಗನೊಬ್ಬನಿಗೆ ಎರಡು ಸಾವಿರ ದಾಟಿದ ರ‍್ಯಾಂಕಿಗೆ ಸಿಕ್ಕಿತ್ತು. ಲೆಕ್ಕ ಹಾಕುವುದಕ್ಕೆ ಏನೂ ಉಳಿದಿರಲಿಲ್ಲ.

ಆ ವಾರವೇ ಬಾಬಾಸಾಬ ಚೌಗುಲೆ ಬಂದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ವಿಷಯ ಹೀಗಿತ್ತು. ಅವರ ಹೆಂಡತಿಯ ಅಣ್ಣ ಸಾಂಗಲಿ ಕಡೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಡಳಿತ ಮಂಡಳಿಯ ಪಾಲಿನ ಒಂದು ಸೀಟು ಗೊತ್ತು ಮಾಡಿದ್ದ. ವಿಭಾಗವೂ ಎಲೆಕ್ಟ್ರಿಕಲ್. ಖರ್ಚು ದೊಡ್ಡದು, ಆದರೆ ತೋಟ ಚೆನ್ನಾಗಿತ್ತು, ಆಗದ ಮಾತಲ್ಲ. ಜೂನ್ ಮುಗಿಯುವುದರೊಳಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಬೆಂಗಳೂರಿನ ಕೌನ್ಸೆಲಿಂಗ್ ಇದ್ದದ್ದು ಜುಲೈನಲ್ಲಿ. ಆ ಸೀಟು ಹಿಡಿಯಲೋ ಬಿಡಲೋ ಎಂದು ಕೇಳಲು ಅವರು ಅನಂತಪುರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು.

"ನೀವು ಏನ ಹೇಳ್ತೀರಿ ಅದ ಆಗ್ಲಿರಿ ಸರ್," ಎಂದರು.

ಬಿಡಿ ಎಂದೆ. ನೂರಕ್ಕೆ ತೊಂಬತ್ತೊಂಬತ್ತು ಸಾಧ್ಯತೆ ಇದೆ, ಸರ್ಕಾರಿ ಸೀಟು ಬಿಟ್ಟು ಅಲ್ಲೇಕೆ ಹೋಗುತ್ತೀರಿ ಎಂದು ಸ್ವಲ್ಪ ಗದರಿದ ದನಿಯಲ್ಲೇ ಹೇಳಿದೆ. ಉಳಿದ ಒಂದು ಏತಕ್ಕೆ ಎಂದು ಅವರು ಕೇಳಿದರು. ಅದು ಸುಮ್ಮನೆ ಇಟ್ಟದ್ದು, ಗಾಡಿ ತಪ್ಪಿದರೆ ಎಂದು ನಕ್ಕೆ. ಅವರೂ ನಕ್ಕರು. ಮರುದಿನವೇ ಸಾಂಗಲಿಯ ಸೀಟು ಬೇಡವೆಂದು ಹೇಳಿ ಕಳಿಸಿದರು.

ಗಾಡಿ ತಪ್ಪಲಿಲ್ಲ. ಮಿರಜಿನಿಂದ ಬರುವ ಬೆಂಗಳೂರು ಗಾಡಿಯನ್ನು ತಂದೆ ಮಗಳು ಕುಡಚಿಯಲ್ಲಿ ಹತ್ತಿದರು, ನಾನು ಚಿಕ್ಕೋಡಿ ರೋಡ್‌ನಲ್ಲಿ ಹತ್ತಿದೆ. ಅವರು ಕರೆದಿರಲಿಲ್ಲ, ನಾನೇ ಹೊರಟಿದ್ದೆ. ನಮ್ಮ ಕಾಲೇಜಿನ ಹುಡುಗಿ ಆ ಸೀಟು ಹಿಡಿಯುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಪ್ರಮಾಣಪತ್ರಗಳನ್ನು ಕ್ರಮವಾಗಿ ಜೋಡಿಸಿ ಫೈಲು ಮಾಡಿಕೊಟ್ಟವನೂ ನಾನೇ. ಒಂದರಿಂದ ಆರನೇ ಇಯತ್ತೆಯ ವ್ಯಾಸಂಗ ಪ್ರಮಾಣಪತ್ರ ಅಚ್ಚ ಕನ್ನಡದಲ್ಲಿ, ಚೆಂದದ ಅಕ್ಷರದಲ್ಲಿತ್ತು. ಕೆಳಗೆ ದೇವನಾಗರಿಯ ದುಂಡು ಮೊಹರು. ಅಂಥ ಮೊಹರನ್ನು ನಾನು ನಿಪ್ಪಾಣಿಯ ಮಕ್ಕಳ ಕಾಗದದಲ್ಲಿ ದಿನವೂ ನೋಡುತ್ತಿದ್ದೆ. ಅದನ್ನು ಓದಲಿಲ್ಲ.

ಕೌನ್ಸೆಲಿಂಗ್ ನಡೆಯುತ್ತಿದ್ದುದು ದೊಡ್ಡ ಸಭಾಂಗಣದಲ್ಲಿ. ಮುಂದೆ ಟಿವಿ ಪರದೆಗಳಲ್ಲಿ ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಎಷ್ಟು ಸೀಟು ಉಳಿದಿವೆ ಎಂದು ತೋರಿಸುತ್ತಿದ್ದರು. ಸುನಂದಾಳ ಸರದಿ ಬಂದದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಆಗ ಅವಳು ಬಯಸಿದ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸೀಟು ಇನ್ನೂ ಒಂಬತ್ತು ಇದ್ದವು. ಮೊದಲನೇ ಮೇಜಿನಲ್ಲಿ ಕಾಗದಪತ್ರ ನೋಡುವ ಅಧಿಕಾರಿ ವಯಸ್ಸಾದವರು, ಸೌಮ್ಯ ಮನುಷ್ಯ. ಒಂದೊಂದೇ ಹಾಳೆ ತಿರುವುತ್ತ ಆ ಪ್ರಮಾಣಪತ್ರದ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡರು. ಈ ಶಾಲೆ ಯಾವ ಜಿಲ್ಲೆ ಎಂದು ಕೇಳಿದರು. ಅಥಣಿ ಹತ್ತಿರ ಎಂದೆ.

"ಹತ್ತಿರ ಅಂದ್ರೆ ಆಗಲ್ಲ ಸಾರ್. ಒಳಗೋ ಹೊರಗೋ ಹೇಳಿ."

ನಾನು ಆಗ ಮೊದಲ ಸಲ ಮೊಹರು ಓದಿದೆ. ತಾಲ್ಲೂಕು ಜತ್ತ, ಜಿಲ್ಲೆ ಸಾಂಗಲಿ. ಅಧಿಕಾರಿ ಬೆರಳು ಮಡಚಿ ಎಣಿಸಿದರು. ಏಳರಿಂದ ಹತ್ತರವರೆಗೆ ನಾಲ್ಕು, ಪಿಯುಸಿ ಎರಡು, ಒಟ್ಟು ಆರು. ಇನ್ನೊಂದು ವರ್ಷ ಎಲ್ಲಿದೆ ಎಂದು ಕೇಳಿದರು. ಮನೆ ಕರ್ನಾಟಕದ್ದು, ಭಾಷೆ ಕನ್ನಡ, ಶಾಲೆ ಕನ್ನಡದ್ದು, ದಿನವೂ ನಡೆದು ಹೋಗಿ ಬಂದವಳು ಎಂದೆಲ್ಲ ನಾನು ಹೇಳಿದೆ. ಅವರು ಪೂರ್ತಿ ಕೇಳಿದರು. ಮೇಲಿನ ಅಧಿಕಾರಿಯ ಕೋಣೆಗೂ ನಮ್ಮನ್ನು ಕರೆದೊಯ್ದರು. ಅಲ್ಲಿಯೂ ಅದೇ ಲೆಕ್ಕ, ಅದೇ ಆರು. ಅರ್ಜಿಯಲ್ಲಿ ಹನ್ನೆರಡು ಎಂದು ಬರೆದವರು ಯಾರು ಎಂದು ಅವರು ಕೇಳಿದಾಗ ನಾನೇ ಎಂದೆ. ನನ್ನ ಸಹಿ ನೋಡಿ, ನನ್ನ ಮುಖ ನೋಡಿ, ಅರ್ಜಿಯನ್ನು ಬದಿಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಪರದೆಯ ಮೇಲೆ ಒಂಬತ್ತು ಇದ್ದದ್ದು ಆರಾಗಿತ್ತು. ಸುನಂದಾ ಅದನ್ನೇ ನೋಡುತ್ತ ನಿಂತಳು. ಅದು ಐದಾಯಿತು, ನಾಲ್ಕಾಯಿತು. ಅವಳ ಹಿಂದಿನ ರ‍್ಯಾಂಕಿನ ಮಕ್ಕಳು ಒಬ್ಬೊಬ್ಬರೇ ಕಾಗದ ಹಿಡಿದು ನಗುತ್ತ ಬರುತ್ತಿದ್ದರು. ನಾನು ಅವಳನ್ನು ಹೊರಗೆ ಕರೆದೆ. ಬರುತ್ತೇನೆ ಎಂದಳೇ ಹೊರತು ಕದಲಲಿಲ್ಲ. ಸೊನ್ನೆ ಆದ ಮೇಲೆ ತಾನಾಗಿ ಬಂದಳು, ಮೂಲ ಅಂಕಪಟ್ಟಿ ಮರಳಿ ಕೊಡುತ್ತಾರಲ್ಲವೇ ಎಂದು ಕೇಳಿದಳು. ಅಳಲಿಲ್ಲ. ನನಗೆ ನಾಚಿಕೆಯಿಂದ ಸತ್ತುಹೋಗುವ ಹಾಗಾಗಿತ್ತು.

ರಾತ್ರಿಯ ಗಾಡಿಗೆ ಮರಳಿದೆವು. ಬೆಳಿಗ್ಗೆ ಚಿಕ್ಕೋಡಿ ರೋಡ್ ಬಂತು. ನಾನು ಇಳಿದು ಕಿಟಕಿಯ ಹತ್ತಿರ ನಿಂತು, ನನ್ನದೇ ತಪ್ಪು, ಏನಾದರೂ ದಾರಿ ಹುಡುಕುತ್ತೇನೆ ಎಂದೆ. ಚೌಗುಲೆ ತಲೆ ಅಲ್ಲಾಡಿಸಿದರು. ಸುನಂದಾ ಮಾತ್ರ ಮೆಲ್ಲಗೆ ಹೇಳಿದಳು:

"ನಾ ಇನ್ನೊಮ್ಮೆ ಕೇಳಬೇಕಾಗಿತ್ರಿ ಸರ್."

ಮಾಡಿದ ತಪ್ಪಿನಲ್ಲಿ ಅರ್ಧವನ್ನು ಆ ಮಗು ತನ್ನ ತಲೆಯ ಮೇಲೆ ಹಾಕಿಕೊಂಡಿತ್ತು. ಅದನ್ನು ಕೇಳಿದ ಮೇಲೆ ಮನೆಗೆ ಹೋಗಿ ಎರಡು ದಿನ ನಾನು ಯಾರಿಗೂ ಬಾಗಿಲು ತೆರೆಯಲಿಲ್ಲ. ಅಂದಾಜು ಕೇಳಲು ಬಂದವರು ಬಾಗಿಲು ಬಡಿದು ಹೋದರು.

ದಾರಿಗಳನ್ನು ಹುಡುಕಿದೆ. ಇಲ್ಲಿಯ ಪೇಮೆಂಟ್ ಸೀಟಿಗೂ ಅರ್ಜಿಯ ಆ ಹನ್ನೆರಡೇ ಅಡ್ಡ ಬಂತು. ಸಾಂಗಲಿಯ ಸೀಟು ಬೇರೆಯವರಿಗೆ ಹೋಗಿತ್ತು. ಮಹಾರಾಷ್ಟ್ರದ ಸರ್ಕಾರಿ ಸೀಟಿಗೆ ಹೋದರೆ, ಹತ್ತನೆಯದೂ ಹನ್ನೆರಡನೆಯದೂ ಅಲ್ಲಿ ಓದಿರಬೇಕು ಎಂದರು. ಗಡಿಯಾಚೆಯ ಕನ್ನಡಿಗರ ಮಕ್ಕಳಿಗೆ ನಮ್ಮಲ್ಲಿ ಬೇರೆ ಅವಕಾಶವಿತ್ತು, ಆದರೆ ಅದು ಆಚೆ ಮನೆ ಇದ್ದವರಿಗೆ. ಇವಳ ಮನೆ ಈಚೆ, ಶಾಲೆ ಆಚೆ. ಎರಡೂ ಸರ್ಕಾರಗಳ ಕಾಗದದಲ್ಲಿ ಅವಳು ಹೊರಗಿನವಳೇ ಆದಳು. ಕೊನೆಗೆ ಉಳಿದದ್ದು ಒಂದು ಸಣ್ಣ ಆಸೆ. ಆರನೇ ಇಯತ್ತೆಯ ನಡುವೆಯೇ ಅವಳು ಶಾಲೆ ಬಿಟ್ಟು ಈಚೆ ಬಂದಿದ್ದರೆ, ಆ ವರ್ಷವನ್ನು ಇಲ್ಲಿಯದೆಂದು ಎಣಿಸಲು ಕೇಳಬಹುದಿತ್ತು. ರಿಜಿಸ್ಟರ್ ನೋಡೋಣವೆಂದು ಆಗಸ್ಟಿನ ಒಂದು ಭಾನುವಾರ ಅನಂತಪುರಕ್ಕೆ ಹೋದೆ. ಶಾಲೆಯ ಹಿರಿಯ ಶಿಕ್ಷಕರು ಅಲ್ಲಿಯೇ ಇರುವವರು, ಬೀಗ ತೆರೆಯುತ್ತಾರೆ ಎಂದು ಚೌಗುಲೆ ಹೇಳಿದ್ದರು.

ತೋಟದಿಂದ ಶಾಲೆಗೆ ನಡೆದೇ ಹೋದೆವು. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ದಾಟಲು ಐದಾರು ಕಲ್ಲು. ಆಚೆ ದಡದಲ್ಲಿ ಒಂದು ಫಲಕವೂ ಇರಲಿಲ್ಲ, ಒಂದು ಕಂಬವೂ ಇರಲಿಲ್ಲ. ಜೋಳದ ಹೊಲ ಆ ಕಡೆಯೂ ಅದೇ, ಈ ಕಡೆಯೂ ಅದೇ. ಹತ್ತು ನಿಮಿಷದಲ್ಲಿ ಶಾಲೆ ಬಂತು. ಮಾಳಿ ಗುರೂಜಿ ನಮ್ಮ ದಾರಿ ಕಾಯುತ್ತಿದ್ದರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಅದೇ ಕಟ್ಟಡದಲ್ಲಿ ಮರಾಠಿ ವರ್ಗಗಳೂ ಇದ್ದವು, ಒಂದರಿಂದ ಏಳರವರೆಗಿನ ಕನ್ನಡ ವರ್ಗಗಳಿಗೆಲ್ಲ ಅವರೂ ಇನ್ನೊಬ್ಬರೂ ಸೇರಿ ಇಬ್ಬರೇ. ಸುನಂದಾಳಿಗೆ ಮೇಲಿನ ರ‍್ಯಾಂಕ್ ಬಂದದ್ದು ಅವರಿಗೆ ಗೊತ್ತಿತ್ತು, ಸೀಟು ಹೋದದ್ದು ಗೊತ್ತಿರಲಿಲ್ಲ. ಯಾವುದೋ ಕಾಗದಕ್ಕೆ ತಾರೀಖು ಬೇಕಂತೆ ಎಂದಷ್ಟೇ ಚೌಗುಲೆ ತಿಳಿಸಿದ್ದರು.

ರಿಜಿಸ್ಟರ್ ತೆರೆದರು. ಆರನೇ ಇಯತ್ತೆ ಪೂರ್ತಿ, ವಾರ್ಷಿಕ ಪರೀಕ್ಷೆ ಪಾಸು. ಏನೂ ಉಳಿಯಲಿಲ್ಲ. ಗುರೂಜಿ ಆ ಹೆಸರಿನ ಮೇಲೆ ಬೆರಳಿಟ್ಟು ಸಂತೋಷದಿಂದ ಹೇಳಿದರು:

"ಐದ ಮುಗಿದ ಕೂಡ್ಲೆ ಇವ್ರು ಹುಡುಗೀನ ತಗೀಯಾಕ ಬಂದಿದ್ರು. ನಾನ ಕೈ ಮುಗ್ದು ಬ್ಯಾಡ ಅಂದೆ. ಪಟ ಕಮ್ಮಿ ಆಗಿತ್ರಿ ಆಗ. ಆಕಿ ಒಬ್ಬಾಕಿ ಹೋಗಿದ್ರ ಮ್ಯಾಲಿನ ಕನ್ನಡ ವರ್ಗ ಬಂದ್ ಆಗ್ತಿದ್ವು. ಆಕಿ ನಿಂತ್ಳು, ವರ್ಗ ಉಳಿದ್ವು."

ಪಟ ಎಂದರೆ ಹಾಜರಿ ಪುಸ್ತಕದಲ್ಲಿರುವ ಮಕ್ಕಳ ಸಂಖ್ಯೆ. ಐದು ಮುಗಿಸಿ ಬಂದಿದ್ದರೆ ಅವಳಿಗೆ ಈಚೆ ಸರಿಯಾಗಿ ಏಳು ವರ್ಷವಾಗುತ್ತಿತ್ತು. ಆಚೆಯ ಕನ್ನಡವನ್ನು ಉಳಿಸಲು ಕೊಟ್ಟ ಒಂದು ವರ್ಷವೇ ಈಚೆ ಕಡಿಮೆ ಬಿದ್ದಿತ್ತು. ನನ್ನ ಬಾಯಿಗೆ ಮಾತು ಬಂದೇ ಬಿಟ್ಟಿತ್ತು. ಚೌಗುಲೆ ನನ್ನ ಮೊಣಕೈ ಹಿಡಿದರು. ಹೊರಗೆ ಬಂದ ಮೇಲೆ, ಗುರೂಜಿಗೆ ಹೇಳಬೇಡಿ, ಬಡಪಾಯಿ ಕೊರಗಿ ಸಾಯುತ್ತಾನೆ ಎಂದು ಕೇಳಿಕೊಂಡರು. ನಾನು ಒಪ್ಪಿದೆ. ಮಗಳ ಸೀಟು ಕಳೆದುಕೊಂಡ ಮನುಷ್ಯ ಇನ್ನೊಬ್ಬರ ಮನಸ್ಸು ನೋಯಬಾರದೆಂದು ನೋಡುತ್ತಿದ್ದರು. ನನಗೋ, ತಪ್ಪನ್ನು ಹಂಚಿಕೊಳ್ಳಲು ಇನ್ನೊಬ್ಬರು ಸಿಕ್ಕರು ಎಂದು ಒಂದು ಕ್ಷಣ ಹಗುರಾಗಿತ್ತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಸುನಂದಾ ಅಥಣಿಯಲ್ಲಿ ಬಿ.ಎಸ್ಸಿ. ಸೇರಿದಳು. ಮುಂದೆ ಬಿ.ಎಡ್. ಮಾಡಿ ರಾಯಬಾಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿಯಾದಳು. ಒಳ್ಳೆಯ ಶಿಕ್ಷಕಿ ಎಂದು ಕೇಳಿದ್ದೇನೆ. ಬದುಕು ಹಾಳಾಗಲಿಲ್ಲ ಎಂದು ನನಗೆ ಸಮಾಧಾನ ಹೇಳುವವರಿದ್ದಾರೆ. ಹಾಳಾಗಲಿಲ್ಲ ನಿಜ. ಆದರೆ ಅವಳು ಕೇಳಿದ್ದು ಈ ಬದುಕನ್ನಲ್ಲ.

ಮುಂದಿನ ಜೂನ್, ಅಂದರೆ 1999. ಅಂದಾಜು ಹೇಳುವುದನ್ನು ಬಿಟ್ಟುಬಿಡಬೇಕೆಂದಿದ್ದೆ, ಬಿಡಲು ಜನ ಬಿಡಲಿಲ್ಲ. ಬಂದವರಿಗೆಲ್ಲ ನನ್ನ ಮೊದಲ ಪ್ರಶ್ನೆ, ಒಂದನೇ ಇಯತ್ತೆ ಯಾವ ಊರಲ್ಲಿ, ಆ ಊರು ಯಾವ ತಾಲ್ಲೂಕು ಎಂದಾಗಿತ್ತು. ರ‍್ಯಾಂಕ್ ಕೇಳುವುದು ಬಿಟ್ಟು ಇದನ್ನೇನು ಕೇಳುತ್ತೀರಿ ಎಂದು ಕೆಲವರು ಸಿಡುಕುತ್ತಿದ್ದರು. ಅಂಥದೊಂದು ಬೆಳಿಗ್ಗೆ ಬಾಬಾಸಾಬ ಚೌಗುಲೆ ಬಂದರು. ಜೊತೆಯಲ್ಲಿ ಮಾಳಿ ಗುರೂಜಿ.

ಚೌಗುಲೆಯವರಿಗೆ ಇನ್ನೊಬ್ಬ ಮಗಳಿದ್ದಳು, ತ್ರಿಶಲಾ. ಅದೇ ಶಾಲೆಯಲ್ಲಿ ಐದನೇ ಇಯತ್ತೆ ಮುಗಿಸಿದ್ದಳು. ಪಟ ಮತ್ತೆ ಕಡಿಮೆಯಾಗಿತ್ತು. ಅವಳು ಹೋದರೆ ಐದರಿಂದ ಮೇಲಿನ ಕನ್ನಡ ವರ್ಗಗಳನ್ನು ತೆಗೆಯುತ್ತೇವೆ ಎಂದು ಗುರೂಜಿಗೆ ಮೇಲಿನಿಂದ ಹೇಳಿಬಿಟ್ಟಿದ್ದರು. ಇನ್ನೊಂದೇ ವರ್ಷ ಬಿಡಿ ಎಂದು ಗುರೂಜಿ ಮತ್ತೆ ಕೈಮುಗಿದಿದ್ದರು. ಇಲ್ಲವೆನ್ನಲು ಚೌಗುಲೆಯವರಿಗೆ ಬಾಯಿ ಬಂದಿರಲಿಲ್ಲ, ಕಾರಣವನ್ನು ಹೇಳಲೂ ಬಂದಿರಲಿಲ್ಲ. ಸರ್ ಹೇಗೆ ಹೇಳುತ್ತಾರೋ ಹಾಗೆ ಎಂದು ಇಬ್ಬರೂ ಬಂದಿದ್ದರು. ಒಂದು ವರ್ಷದ ಹಿಂದೆ ನಾನು ಬೇಡವೆಂದು ಬಿಡಿಸಿದ ಸೀಟಿನ ಬಗ್ಗೆ ಒಂದು ಮಾತೂ ಆಡದೆ, ಆ ಮನುಷ್ಯ ಮತ್ತೆ ನನ್ನ ಮಾತಿಗೇ ಕಾದು ಕೂತಿದ್ದರು. ನಾನು ಅದಕ್ಕೆ ಯೋಗ್ಯನಾಗಿರಲಿಲ್ಲ.

ನಾನೇ ಒಳಗೆ ಹೋಗಿ ಚಹಾ ಮಾಡಿ ತಂದೆ. ಮೂವರೂ ಕುಡಿದೆವು. ಗುರೂಜಿಯ ಮುಖ ನೋಡಿದರೆ ಹೇಳುವುದಾಗುತ್ತಿರಲಿಲ್ಲ, ಅದಕ್ಕೆ ಕಪ್ಪನ್ನೇ ನೋಡುತ್ತ ಹೇಳಿದೆ.

"ಗುರೂಜಿ, ಈಗ ಈಕಡೆ ಬಂದ್ರ ಹುಡುಗೀಗೆ ಏಳು ವರ್ಷ ಆಗ್ತಾವು. ಆರು ಮುಗಿಸಿ ಬಂದ್ರ ಆರ. ಆರು ವರ್ಷದವ್ರಿಗೆ ಇಲ್ಲಿ ಸೀಟ್ ಕೊಡೂದಿಲ್ರಿ."

ಗುರೂಜಿ ಬೆರಳು ಮಡಚಿ ಎಣಿಸಿದರು. ಏಳು ಬಂತು. ತಲೆಯಾಡಿಸಿದರು. ಆಮೇಲೆ ಇನ್ನೊಮ್ಮೆ ಎಣಿಸಿದರು, ಈ ಸಲ ನಿಧಾನವಾಗಿ. ಆರಕ್ಕೆ ಬಂದು ಬೆರಳು ನಿಂತಿತು. ಚೌಗುಲೆಯವರ ಕಡೆ ತಿರುಗಿ, ಹಾಗಾದರೆ ದೊಡ್ಡಾಕೀದು ಎಂದು ಏನೋ ಕೇಳಹೊರಟರು. ಚೌಗುಲೆ ಟೋಪಿಯನ್ನು ಸರಿಮಾಡುತ್ತ ಕಿಟಕಿಯ ಹೊರಗೆ ನೋಡಿದರು. ಗುರೂಜಿಗೆ ಉತ್ತರ ಸಿಕ್ಕಿತು.

ಅವರು ಎದ್ದು ನಿಂತು, "ನಾಳೆ ಮುಂಜಾನೆ ದಾಖಲೆ ಬರದ ಕೊಡ್ತೀನ್ರಿ ಚೌಗುಲೆ, ಬಂದ ಒಯ್ರಿ," ಎಂದರು. ಶಾಲೆ ಬಿಟ್ಟ ಮಗುವಿಗೆ ಕೊಡುವ ಕಾಗದಕ್ಕೆ ನಮ್ಮ ಕಡೆ ದಾಖಲೆ ಎನ್ನುತ್ತಾರೆ. ಹೇಳಿದಂತೆ ಕೊಟ್ಟರು. ತಿಂಗಳೊಳಗೆ ಮೇಲಿನ ಕನ್ನಡ ವರ್ಗಗಳು ಹೋದವು. ಉಳಿದ ಮಕ್ಕಳು ಪಕ್ಕದ ಕೋಣೆಯ ಮರಾಠಿ ವರ್ಗದಲ್ಲಿ ಕೂತರಂತೆ. ಗುರೂಜಿಯನ್ನು ದೂರದ ಊರಿಗೆ ವರ್ಗಾವಣೆ ಮಾಡಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ತ್ರಿಶಲಾ ಈಚೆಯ ಶಾಲೆಯಲ್ಲಿ ಓದಿ ಹತ್ತನೆಯದು ಪಾಸಾದಳು. ಗಣಿತ ತನ್ನಿಂದಾಗದು ಎಂದು ಕಾಮರ್ಸ್ ತೆಗೆದುಕೊಂಡಳು. ಯಾವ ಸೀಟನ್ನೂ ಅವಳು ಕೇಳಲಿಲ್ಲ, ಅವಳ ಏಳು ವರ್ಷವನ್ನು ಯಾರೂ ಎಣಿಸಲಿಲ್ಲ.

ಒಬ್ಬ ವಿದ್ಯಾರ್ಥಿಯ ಸಾಧ್ಯತೆಯನ್ನು ಅಳೆಯುವುದೆಂದರೆ ಅಂಕಗಳ ಕೆಲಸ ಎಂದು ನಾನು ಹದಿನೆಂಟು ವರ್ಷ ತಿಳಿದಿದ್ದೆ. ಅಂಕ ಎಲ್ಲಕ್ಕಿಂತ ಮೊದಲು ಕಾಣುವ ವಸ್ತು, ಅಷ್ಟೇ. ಮಗು ಯಾವ ದಾರಿಯಲ್ಲಿ ನಡೆದು ಶಾಲೆಗೆ ಹೋಯಿತು, ಯಾರಿಗಾಗಿ ಅಲ್ಲಿ ಇನ್ನೊಂದು ವರ್ಷ ನಿಂತಿತು ಎಂಬುದನ್ನು ಕೇಳದೆ ಹೇಳಿದ ಅಂದಾಜು ಬರೀ ಬಾಯಿಮಾತು. ಇದು ನನ್ನ ಕೆಲಸ ಕಲಿಸಿದ ಪಾಠ. ಕೇಳಿಕೊಂಡು, ಸರಿಯಾಗಿ ಎಣಿಸಿ ಹೇಳಿದ ಮಾತಿನಿಂದಲೂ ಯಾರದೋ ವರ್ಗ ಮುಚ್ಚಬಹುದು ಎಂಬುದನ್ನೂ ಅದೇ ಕಲಿಸಿತು. ನಿವೃತ್ತನಾಗಿ ವರ್ಷಗಳಾದರೂ ಗಡಿಯ ತೋಟಗಳವರು ಈಗಲೂ ಒಮ್ಮೊಮ್ಮೆ ಬರುತ್ತಾರೆ, ಮಗು ಐದನೇತ್ತೆ ಮುಗಿಸಿದೆ, ಏನು ಮಾಡೋಣ ಎನ್ನುತ್ತಾರೆ. ಈಚೆ ತನ್ನಿ ಎಂದೇ ಹೇಳುತ್ತೇನೆ. ಹೇಳಿದ ದಿನ ನನಗೆ ಊಟ ಸೇರುವುದಿಲ್ಲ.